ನಾಲೆ ಬಯಲಿನ ದನ, ಕುರಿಗೆ ಎಲೆಹುಳು: ಪತ್ತೆ ಮತ್ತು ಔಷಧಿ

ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಮೇಯುವ ಹಸು ಸೊರಗಿ, ಹಾಲು ಇಳಿದು, ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಜೋತುಬಿದ್ದರೆ ಲಿವರಿನಲ್ಲಿ ಎಲೆಯಂತೆ ಚಪ್ಪಟೆಯಾದ ಎಲೆಹುಳ ಇರಬಹುದು. ಆದರೆ ಹೊಟ್ಟೆಯಲ್ಲಿ ರಕ್ತ ಹೀರುವ ದುಂಡುಹುಳದಿಂದಲೂ ಇಂಥದೇ ಬಾವು ಬರುತ್ತದೆ, ಬಂಡೂರು ಕುರಿಗಳಲ್ಲಂತೂ ಹೆಚ್ಚು. ಸಗಣಿ ನೋಡದೆ ಔಷಧಿ ಹಾಕಬೇಡಿ.

ಆಗತಾನೇ ಹಾಕಿದ ಸಗಣಿಯಲ್ಲಿ 3 ಗ್ರಾಂ ತೆಗೆದು 50 ಮಿಲಿ ನೀರಲ್ಲಿ ಕದಡಿ, ಟೀ ಜಾಲರಿಯಲ್ಲಿ ಸೋಸಿ. 5 ನಿಮಿಷ ಬಿಟ್ಟು ಮೇಲಿನ ನೀರು ನಿಧಾನವಾಗಿ ಬಗ್ಗಿಸಿ, ಹೊಸ ನೀರು ಹಾಕಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ. ತಳದ ಗಸಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಒಂದು ಹನಿ ಬೆರೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೀಲಿಯ ನಡುವೆ ಎಲೆಹುಳದ ಚಿನ್ನದ ಬಣ್ಣದ ಮೊಟ್ಟೆ ಎದ್ದು ಕಾಣುತ್ತದೆ. ಬಣ್ಣವಿಲ್ಲದ ತಿಳಿ ಮೊಟ್ಟೆಯಾದರೆ ಅದು ಮೊದಲ ಹೊಟ್ಟೆಯ ಚಪ್ಪಟೆಹುಳದ್ದು. ಉಪ್ಪುನೀರಲ್ಲಿ ತೇಲಿಸುವ ಪರೀಕ್ಷೆ ಇಲ್ಲಿ ಕೈಕೊಡುತ್ತದೆ, ಈ ಮೊಟ್ಟೆಗಳು ಭಾರ. ಹುಳ ಹೊಕ್ಕ ಮೊದಲ ಮೂರು ತಿಂಗಳು ಮೊಟ್ಟೆಯೇ ಬರುವುದಿಲ್ಲ ಎಂಬುದೂ ನೆನಪಿರಲಿ.

ಔಷಧಿ ತಪ್ಪುವುದು ತೂಕದ ಅಂದಾಜಿನಲ್ಲಿ. ಮುಂಗಾಲ ಹಿಂದೆ ಎದೆಸುತ್ತನ್ನೂ, ಭುಜದಿಂದ ಪಿರ್ರೆಮೂಳೆವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಎದೆಸುತ್ತು × ಎದೆಸುತ್ತು × ಉದ್ದ, ಅದನ್ನು 660ರಿಂದ ಭಾಗಿಸಿ. ಸುತ್ತು 64, ಉದ್ದ 52 ಇದ್ದರೆ ಸುಮಾರು 323 ಕಿಲೋ. ಟ್ರೈಕ್ಲಾಬೆಂಡಜೋಲ್ ದನಕ್ಕೆ ಕಿಲೋಗೆ 12, ಕುರಿಗೆ 10 ಮಿಲಿಗ್ರಾಂ, ಮರಿಹುಳವನ್ನೂ ಕೊಲ್ಲುತ್ತದೆ. ಆಕ್ಸಿಕ್ಲೋಜನೈಡ್ ಬಲಿತ ಹುಳಕ್ಕೆ ಮಾತ್ರ, ಉಳಿದ ಮರಿಗಳು ಬಲಿತ ಮೇಲೆ ಇನ್ನೊಮ್ಮೆ ಬೇಕು. ಆಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ. ಎಷ್ಟು ದಿನ ಹಾಲು ಹಾಕಬಾರದು ಎಂದು ಬಾಟಲಿಯ ಮೇಲೆ ನೋಡಿ, ಯಾವ ಔಷಧಿ ಎಂಬುದನ್ನು ಪಶುವೈದ್ಯರಿಂದ ಖಚಿತ ಮಾಡಿಕೊಳ್ಳಿ. ಗೊಟ್ಟದಲ್ಲಿ ಕುಡಿಸುವಾಗ ಮೂತಿ ಬೆನ್ನಿನ ಮಟ್ಟಕ್ಕಿಂತ ಮೇಲೆತ್ತಿದರೆ, ನಾಲಿಗೆ ಹಿಡಿದೆಳೆದರೆ, ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಮ್ಮಿದರೆ ತಲೆ ಬಿಟ್ಟುಬಿಡಿ.

ಹುಳದ ಮೂಲ ಬಸವನಹುಳು. ಅಗಲ ಬಾಯಿಯ ತೆಳು ಚಿಪ್ಪಿನದು ಎಲೆಹುಳ ಸಾಕುತ್ತದೆ. ಚಕ್ಕುಲಿಯಂತೆ ಸುತ್ತಿದ್ದು ಹೊಟ್ಟೆಯ ಚಪ್ಪಟೆಹುಳವನ್ನೂ, ದನದ ಮೂಗಿನ ಗೊರಕೆ ರೋಗದ ಹುಳವನ್ನೂ. ಎಲೆಹುಳದ ಮರಿಗಳು ನೀರಂಚಿನ ಹುಲ್ಲಿಗೆ ಅಂಟಿ ಕೂರುತ್ತವೆ. ಆದ್ದರಿಂದ ಬದುವಿನ ಹುಲ್ಲನ್ನು ನೀರಿನಿಂದ ಒಂದು ಗೇಣು ಮೇಲೆ ಕೊಯ್ಯಿರಿ. ನಾಲೆ ನಿಂತಾಗ ಉಳಿಯುವ ಗುಂಡಿಗಳ ಸುತ್ತ ಮೇಯಿಸಬೇಡಿ. ಹಸಿ ಹುಲ್ಲು ಚೆನ್ನಾಗಿ ಒಣಗಿದ ಮೇಲೆಯೇ ಬಣವೆ ಒಟ್ಟಿ, ಹಸಿ ಸಗಣಿಯನ್ನು ಗದ್ದೆಗೆ ಬಿಡದೆ ತಿಪ್ಪೆಯಲ್ಲಿ ಕಾವು ಕೊಟ್ಟು ಕೊಳೆಸಿ.