ಎಡೆಯೋ, ಹೆಡೆಯೋ?

ಧ್ವನಿಮುದ್ರಣ ಕೇಳಿ ಅದನ್ನು ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಅಂದು ಕಿವಿಯಲ್ಲಿದ್ದದ್ದು ಹಾವೇರಿ ಕಡೆಯ ರೈತರೊಬ್ಬರ ಸಂದರ್ಶನ. ಗಾಳಿಯ ಸದ್ದು, ಹಿಂದೆಲ್ಲೋ ಟ್ರ್ಯಾಕ್ಟರ್. ‘ಬಿತ್ತಿ ಇಪ್ಪತ್ತು ದಿನಕ್ಕ ಎಡಿ ಹೊಡದ್ವಿ’ ಎಂದರು ಅವರು. ನಾನು ‘ಹೆಡೆ ಹೊಡೆದೆವು’ ಎಂದು ಬರೆದೆ, ಉಳಿದ ಮೂವರು ರೈತರ ಸಂದರ್ಶನದಲ್ಲೂ ಹಾಗೆಯೇ. ಹೊಲಕ್ಕೆ ಹಾವು ಬಂದಿರಬೇಕು ಎಂದುಕೊಂಡೆ, ಸಂಶಯವೇ ಬರಲಿಲ್ಲ. ನಾನು ಮೈಸೂರಿನವಳು. ಮಂಡ್ಯ, ಚಾಮರಾಜನಗರದ ಕಡೆಯ ಮಾತು ಕೇಳಿ ಕೇಳಿ ‘ಆಲು’ ಎಂದರೆ ಹಾಲು, ‘ಅಳ್ಳಿ’ ಎಂದರೆ ಹಳ್ಳಿ ಎಂದು ಹಕಾರವನ್ನು ಸೇರಿಸಿಕೊಳ್ಳುವುದು ಕಿವಿಗೆ ರೂಢಿಯಾಗಿತ್ತು. ಆ ರೂಢಿಯೇ ಅಲ್ಲಿ ಕೈಕೊಟ್ಟಿತು. ಕೆಲಸ ಕೊಟ್ಟಿದ್ದ ಸಂಶೋಧಕರು ಫೋನ್ ಮಾಡಿ, ‘ಮೇಡಂ, ನಾಲ್ವರು ರೈತರೂ ಹಾವು ಹೊಡೆದಿದ್ದಾರಲ್ಲ?’ ಎಂದು ನಕ್ಕರು. ಎಡೆ ಹೊಡೆಯುವುದೆಂದರೆ ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹಾಯಿಸಿ ಕಳೆ ತೆಗೆಯುವುದು ಎಂದು ಅಂದು ಕಲಿತೆ.

ಅಂದಿನಿಂದ ಆಡಿಯೋ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಒಪ್ಪಿಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳುತ್ತೇನೆ: ಮಾತನಾಡುವವರು ಯಾವ ಊರಿನವರು, ಮಾತು ಯಾವುದರ ಬಗ್ಗೆ? ಜೊತೆಗೆ ಧ್ವನಿಯ ಐದು ನಿಮಿಷದ ತುಣುಕು ತರಿಸಿಕೊಳ್ಳುತ್ತೇನೆ, ಅದೂ ಆರಂಭದ್ದಲ್ಲ, ನಡುವಿನದು. ಆರಂಭದಲ್ಲಿ ಎಲ್ಲರೂ ಮೈಕಿನ ಮುಂದೆ ನೆಟ್ಟಗೆ ಕುಳಿತು ಪುಸ್ತಕದ ಕನ್ನಡ ಆಡುತ್ತಾರೆ. ಕಾಲು ಗಂಟೆ ಕಳೆದ ಮೇಲೆ ನಿಜವಾದ ಮಾತು ಹೊರಡುತ್ತದೆ, ಒಬ್ಬರ ಮೇಲೊಬ್ಬರು ಮಾತನಾಡತೊಡಗುತ್ತಾರೆ.

ಆ ತುಣುಕು ನೋಡಿಯೇ ದರ ಹೇಳುವುದು. ಒಬ್ಬರೇ ಸ್ಪಷ್ಟವಾಗಿ ಮಾತನಾಡಿದ ಒಂದು ಗಂಟೆಯ ಧ್ವನಿಗೆ ನನಗೆ ಐದು ಗಂಟೆ ಬೇಕು. ಸ್ತ್ರೀಶಕ್ತಿ ಸಂಘದ ಎಂಟು ಹೆಂಗಸರ ಗುಂಪು ಚರ್ಚೆಯಾದರೆ ಹತ್ತಾದರೂ ಆಶ್ಚರ್ಯವಿಲ್ಲ. ಮೊದಲ ವರ್ಷ ಪುಟದ ಲೆಕ್ಕದಲ್ಲಿ ಒಪ್ಪಿಕೊಂಡು ಪೆಟ್ಟು ತಿಂದೆ. ಒಬ್ಬ ಗಿರಾಕಿ ನಾನು ಕಳಿಸಿದ ಕಡತದ ಅಕ್ಷರ ಚಿಕ್ಕದು ಮಾಡಿ, ಸಾಲುಗಳ ಅಂತರ ಕುಗ್ಗಿಸಿ, ಮೂವತ್ತೆಂಟು ಪುಟವನ್ನು ಇಪ್ಪತ್ತೊಂದಕ್ಕೆ ಇಳಿಸಿ ಹಣ ಹಾಕಿದರು. ಈಗ ಧ್ವನಿಯ ನಿಮಿಷದ ಲೆಕ್ಕ, ಗದ್ದಲವಿದ್ದರೆ ಒಂದೂವರೆ ಪಟ್ಟು.

ಸಲಕರಣೆ ಹೆಚ್ಚೇನಿಲ್ಲ. ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್ ಇದೆ. ಓಟ್ರಾನ್ಸ್‌ಕ್ರೈಬ್ ಎಂಬ ಉಚಿತ ತಂತ್ರಾಂಶದಲ್ಲಿ ಎಸ್ಕೇಪ್ ಕೀಲಿ ಒತ್ತಿದರೆ ಧ್ವನಿ ನಿಲ್ಲುತ್ತದೆ, ಮತ್ತೆ ಒತ್ತಿದರೆ ಶುರುವಾಗುತ್ತದೆ. ಕೈ ಮೌಸಿನತ್ತ ಹೋಗಬೇಕಿಲ್ಲ. ಟೈಪಿಂಗ್ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ. ಕಡತ ಈಗ ಎಲ್ಲೆಡೆ ಓದಲಾಗುವ ಯೂನಿಕೋಡ್‌ನಲ್ಲಿ ಬೇಕೋ, ನುಡಿ ಫಾಂಟ್ ಇದ್ದಲ್ಲಿ ಮಾತ್ರ ಓದಲಾಗುವ ಹಳೆಯ ನುಡಿ ಅಕ್ಷರದಲ್ಲಿ ಬೇಕೋ ಎಂದು ಮೊದಲೇ ಕೇಳುವುದು ಒಳ್ಳೆಯದು. ಆಮೇಲೆ ಪರಿವರ್ತಿಸಲು ಹೋದರೆ ‘ಬ್ಯಾಂಕ್‌ನಲ್ಲಿ’ ಎಂಬುದು ಒತ್ತಕ್ಷರ ಹೊತ್ತು ‘ಬ್ಯಾಂಕ್ನಲ್ಲಿ’ ಆಗಿ ಕೂರುತ್ತದೆ.

ಯಂತ್ರದಿಂದಲೇ ಬರೆಸಬಾರದೇ ಎಂದು ಕೇಳುವವರಿದ್ದಾರೆ. ಬರೆಸಿ ನೋಡಿದ್ದೇನೆ. ಸ್ಟುಡಿಯೋದಲ್ಲಿ ಓದಿದ ಭಾಷಣಕ್ಕೆ ಅಡ್ಡಿಯಿಲ್ಲ. ಹೊಲದ ಮಾತನ್ನು ಮಾತ್ರ ಅದು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಡುತ್ತದೆ, ಕೆಲವೊಮ್ಮೆ ಯಾರೂ ಮಾತನಾಡದ ಕಡೆಯೂ ಒಂದು ವಾಕ್ಯ ಹುಟ್ಟಿಸುತ್ತದೆ. ತಿದ್ದುವುದಕ್ಕಿಂತ ಬರೆಯುವುದೇ ಬೇಗ. ಅಲ್ಲದೆ, ಯಾರದೋ ಕಷ್ಟಸುಖದ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಅಂತರ್ಜಾಲಕ್ಕೆ ಏರಿಸಲು ನನಗೆ ಮನಸ್ಸಾಗುವುದಿಲ್ಲ.

ತಿಳಿಯದ ಕಡೆ ಊಹಿಸುವುದಿಲ್ಲ. ‘ಅಸ್ಪಷ್ಟ, 00:14:32’ ಎಂದು ಬರೆದು ಮುಂದೆ ಹೋಗುತ್ತೇನೆ. ಎಷ್ಟೋ ಸಲ ನಲವತ್ತನೇ ನಿಮಿಷದಲ್ಲಿ ಅವರೇ ಅದೇ ಪದವನ್ನು ಮತ್ತೆ, ಸ್ಪಷ್ಟವಾಗಿ ಹೇಳುತ್ತಾರೆ. ಮೌನವನ್ನೂ ಬರೆಯುತ್ತೇನೆ. ಜಮೀನು ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗೆ ಒಬ್ಬ ಅಜ್ಜಿ ಹನ್ನೊಂದು ಸೆಕೆಂಡು ಸುಮ್ಮನಿದ್ದು, ‘ಕಾಫಿ ಕುಡೀತೀರಾ?’ ಎಂದಿದ್ದರು. ಎರಡನ್ನೂ ಹಾಗೆಯೇ ಇಟ್ಟೆ.

ಎಲ್ಲ ಮುಗಿದ ಮೇಲೆ, ಸಾಧ್ಯವಾದರೆ ಮರುದಿನ ಬೆಳಿಗ್ಗೆ, ಕೀಲಿಮಣೆ ಮುಟ್ಟದೆ ಪೂರ್ತಿ ಕೇಳುತ್ತಾ ಓದುತ್ತೇನೆ. ಆಗ ಮುಖ್ಯವಾಗಿ ಹುಡುಕುವುದು ವಾಕ್ಯದ ಬಾಲವನ್ನು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಉಸಿರು, ದನಿ ಎರಡೂ ಇಳಿಯುವುದು ಅಲ್ಲಿಯೇ. ‘ಸಾಲ ಕೊಟ್ಟಿದ್ದಾರೆ’ ಎಂಬುದಕ್ಕೂ ‘ಕೊಟ್ಟಿಲ್ಲ’ ಎಂಬುದಕ್ಕೂ ನಡುವಿನ ವ್ಯತ್ಯಾಸವನ್ನು ಒಂದು ಕೆಮ್ಮು ನುಂಗಿಹಾಕಬಹುದು. ಕಳೆದ ತಿಂಗಳ ಒಂದೇ ಕಡತದಲ್ಲಿ ಅಂತಹ ಮೂರು ‘ಇಲ್ಲ’ಗಳು ಸಿಕ್ಕವು.