ಥಾರ್ ಹಿಂಬಾಗಿಲಿನ ಗ್ಯಾಸ್ ಶಾಕ್: ಹಣ್ಣಿನ ತಕ್ಕಡಿ ಹಿಡಿದು ಆರಿಸಿದ್ದು

ನನ್ನ ಹಳೇ ಥಾರ್‌ನ ಹಾರ್ಡ್‌ಟಾಪ್ ಹಿಂಬಾಗಿಲು ಈಗ ಒಂದೇ ಕೈಯಲ್ಲಿ ಮೇಲೇಳುತ್ತದೆ, ಎತ್ತಿದಲ್ಲೇ ನಿಲ್ಲುತ್ತದೆ. ಹಿಂಜ್ ಬದಲಾಯಿಸದೆ ಇದು ಸರಿಹೋಗಲ್ಲ ಅಂದವರು ಮೂಡಿಗೆರೆಯಲ್ಲೇ ನಾಲ್ಕಾರು ಜನ ಇದ್ದಾರೆ. ಹಿಂಜ್ ಹಳೆಯದೇ ಇದೆ.

ಫೈಬರ್ ಹಾರ್ಡ್‌ಟಾಪ್ ಅಂದರೆ ಗಟ್ಟಿ ಚಾವಣಿ, ಹೊರಗೆ ಮಾಡಿಸಿದ್ದು. ಮಾಡಿಕೊಟ್ಟವರೇ ಶಾಕ್ ಕೂಡ ಹಾಕಿದ್ದರು, ಅಂದರೆ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ತುಂಬಿದ ಸಿಲಿಂಡರ್ ಮತ್ತು ಅದರೊಳಗೆ ಜಾರುವ ಕಡ್ಡಿ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಕಡ್ಡಿಯ ಮೇಲೆ ಎಣ್ಣೆ ಜಿನುಗಿ, ಅದಕ್ಕೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಬಾಗಿಲು ತಾನಾಗಿ ಇಳಿಯತೊಡಗಿತು. ಕಾಫಿ ಹಣ್ಣಿನ ಮೂಟೆ ಹಾಕುವಾಗ ಒಬ್ಬ ಹುಡುಗನ ತಲೆಗೆ ಬಡಿಯಿತು. ಆಮೇಲೆ ಸಿಲ್ವರ್ ಓಕ್ ಕೋಲು ಕೊಟ್ಟು ನಿಲ್ಲಿಸುವುದೇ ಆಯಿತು.

ಗ್ಯಾರೇಜಿನಲ್ಲಿ ಹಿಂಜ್, ಶಾಕ್, ಕೂಲಿ ಸೇರಿ ಸುಮಾರು 7,000 ಕೇಳಿದರು. ಬೇಡ ಅಂತ ಅದೇ ಉದ್ದದ ಅಗ್ಗದ ಜೋಡಿ ತರಿಸಿದೆ, 900 ಚಿಲ್ಲರೆ. ದೀಪಾವಳಿವರೆಗೂ ಬಾಳಿಕೆ ಬರಲಿಲ್ಲ. ಇನ್ನೊಬ್ಬರು ಹಳೆಯದಕ್ಕೇ ಗ್ಯಾಸ್ ತುಂಬಿಸಿಕೊಡ್ತೀನಿ ಅಂದರು, 600 ಕೊಟ್ಟೆ. ವಾಲ್ವ್ ಕೂರಿಸಿ ತುಂಬಿದರು, ಬಾಗಿಲು ಎದ್ದಿತು. ಆದರೆ ಕಡ್ಡಿಯ ಸುತ್ತ ಗ್ಯಾಸ್ ತಡೆಯುವ ಸೀಲ್ ಹಳೆಯದೇ ಅಲ್ವಾ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಇಳಿಯಿತು. ಗ್ಯಾಸ್ ತುಂಬಿಸುವ ದಾರಿ ನನ್ನ ಪ್ರಕಾರ ಬರೀ ದಂಡ.

ಬಿಚ್ಚಿ ಕೂತು ನೋಡಿದಾಗ ಎರಡು ವಿಷಯ ಕಂಡವು. ಒಂದು, ಹಾರ್ಡ್‌ಟಾಪ್‌ನವರು ಶಾಕನ್ನು ತಲೆಕೆಳಗಾಗಿ ಹಾಕಿದ್ದರು. ಬಾಗಿಲು ಮುಚ್ಚಿದಾಗ ಕಡ್ಡಿ ಕೆಳಗಿರಬೇಕು. ಒಳಗಿರುವ ಚೂರು ಎಣ್ಣೆ ಆಗ ಸೀಲಿನ ಮೇಲೇ ನಿಂತು ಅದನ್ನು ಒಣಗದಂತೆ ಇಡುತ್ತದೆ. ನಮ್ಮದರಲ್ಲಿ ಕಡ್ಡಿ ಮೇಲಿತ್ತು, ಸೀಲ್ ಒಣಗಿತ್ತು. ಎರಡನೆಯದು, ಎಲ್ಲರೂ ಉದ್ದ ನೋಡಿದರೇ ಹೊರತು ಬಾಗಿಲಿಗೆ ಎಷ್ಟು ಬಲ ಬೇಕು ಅಂತ ಯಾರೂ ನೋಡಿರಲಿಲ್ಲ. ಸಿಲಿಂಡರ್ ಮೇಲೆ ಅಚ್ಚಾಗಿದ್ದದ್ದು 200 ನ್ಯೂಟನ್, ಅಂದರೆ ಸುಮಾರು 20 ಕಿಲೋ ಬಲ.

ಹಣ್ಣು ತೂಗುವ ನೇತು ತಕ್ಕಡಿ ತೋಟದಲ್ಲಿ ಹೇಗೂ ಇರುತ್ತದೆ. ಎರಡೂ ಶಾಕ್ ಬಿಚ್ಚಿ, ಬಾಗಿಲನ್ನು ನೆಲಕ್ಕೆ ಸಮವಾಗಿ ಎತ್ತಿ, ಹ್ಯಾಂಡಲ್ಲಿಗೆ ತಕ್ಕಡಿ ಸಿಕ್ಕಿಸಿದೆ. 7 ಕಿಲೋ ಹತ್ತಿರ ತೋರಿಸಿತು. ಹಿಂಜ್‌ನಿಂದ ಹ್ಯಾಂಡಲ್ಲಿಗೆ 70 ಸೆಂ.ಮೀ. ಗುಣಿಸಿದರೆ 490, ಬಾಗಿಲು ಹಿಂಜ್ ಸುತ್ತ ಕೆಳಕ್ಕೆ ತಿರುಗಲು ಎಳೆಯುವ ಲೆಕ್ಕ ಇದು. ಅದೇ ಸ್ಥಿತಿಯಲ್ಲಿ ಶಾಕ್ ಕೂರುವ ಗೆರೆಗೆ ದಾರ ಎಳೆದು, ಹಿಂಜ್‌ನಿಂದ ಆ ದಾರಕ್ಕೆ ಮೂಲೆಮಟ್ಟ ಇಟ್ಟು ಅಳೆದೆ. 9 ಸೆಂ.ಮೀ. ಬಂತು. 490ನ್ನು 9ರಿಂದ ಭಾಗಿಸಿದರೆ 54 ಕಿಲೋ. ಒಂದೊಂದು ಶಾಕ್‌ಗೆ 27, ಅಂದರೆ ಸುಮಾರು 270 ನ್ಯೂಟನ್. 200ರ ಶಾಕ್ ಇದನ್ನು ಹೇಗೆ ತಡೆಯುತ್ತದೆ?

ನಾನು 350 ಆರಿಸಿದೆ. ಜಾಸ್ತಿ ಆಯಿತು, ಗ್ಲಾಸ್ ಒಡೆಯುತ್ತದೆ ಅಂದರು. ನಮ್ಮ ಕಡೆ ಚಳಿ ಲೆಕ್ಕ ಹಿಡಿಯಬೇಕು. 10 ಡಿಗ್ರಿ ಇಳಿದರೆ ಗ್ಯಾಸಿನ ಬಲ ನೂರಕ್ಕೆ ಮೂರೂವರೆಯಷ್ಟು ಇಳಿಯುತ್ತದೆ. ಮುಳ್ಳಯ್ಯನಗಿರಿ ತಪ್ಪಲಿನಲ್ಲಿ ಜನವರಿ ಬೆಳಗ್ಗೆ ಗಾಡಿ ನಿಲ್ಲಿಸುವವರಿಗೆ ಲೆಕ್ಕಕ್ಕೆ ಸರಿಯಾಗಿ ಕೂರುವ ಶಾಕ್ ಸಾಲದು. ಮುಚ್ಚುವಾಗ ಸ್ವಲ್ಪ ಬಿಗಿ ಇದೆ, ಅಷ್ಟೇ. ಗ್ಲಾಸ್‌ಗೆ ಏನೂ ಆಗಿಲ್ಲ.

ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ಒಳ್ಳೆ ಜೋಡಿ 2,400ಕ್ಕೋ 2,500ಕ್ಕೋ ಸಿಕ್ಕಿತು. ಮನೆಗೆ ತಂದು ಮೊದಲು ಮಾಡಿದ್ದು ತೂಕದ ಪರೀಕ್ಷೆ. ಮೈ ತೂಕ ನೋಡುವ ಮಿಷಿನ್ ಮೇಲೆ ಬಟ್ಟೆ ಹಾಸಿ, ಕಡ್ಡಿ ಕೆಳಗೆ ಮಾಡಿ ನೇರ ಒತ್ತಿದೆ. ಒತ್ತುವಾಗ ಜಾಸ್ತಿ ತೋರಿಸುತ್ತದೆ, ಮೆಲ್ಲಗೆ ಬಿಡುವಾಗಿನ ಅಂಕಿ ಹಿಡಿಯಿರಿ. ಎರಡೂ 35 ಕಿಲೋ ಆಸುಪಾಸು ಬಂದವು. ಸುಮ್ನೆ ಇರಲಿ ಅಂತ ಆ ಅಗ್ಗದ ಜೋಡಿಯನ್ನೂ ಒತ್ತಿ ನೋಡಿದೆ. ಒಂದು 18, ಇನ್ನೊಂದು 11! ಬಾಗಿಲು ಒಂದು ಕಡೆಗೆ ಸೊಟ್ಟ ಏಳುತ್ತಿದ್ದುದಕ್ಕೆ ಕಾರಣ ಇದೇ. ಜನ ಹಿಂಜ್ ಸವೆದಿದೆ ಅಂದದ್ದು ಆ ಸೊಟ್ಟ ನೋಡಿ.

ಕೂರಿಸುವುದು ನಿಮಗೆಲ್ಲ ಗೊತ್ತು. ಶಾಕ್ ಸಿಕ್ಕಿಸುವ ಬ್ರ್ಯಾಕೆಟ್ ವೆಲ್ಡಿಂಗ್ ಇದ್ದರೆ ಮಾತ್ರ ಶಾಕನ್ನು ದೂರ ಇಡಿ. ಒಂದು ಕಿಡಿ ಕಡ್ಡಿಗೆ ಅಂಟಿದರೂ ಅದು ಪ್ರತಿ ಸಲ ಸೀಲನ್ನು ಕೆರೆಯುತ್ತದೆ. ಮುಚ್ಚಿದಾಗ ಶಾಕ್ ತಳ ತಾಗಬಾರದು, 1 ಸೆಂ.ಮೀ. ಉಳಿಯಲಿ. ಕೆಳಗಿನ ಬ್ರ್ಯಾಕೆಟ್ಟನ್ನು ನಾನು ಸ್ವಲ್ಪ ಸರಿಸಿದ್ದೇನೆ. ಎಷ್ಟು, ಯಾವ ಕಡೆಗೆ ಅಂತ ಹೇಳುವುದಿಲ್ಲ, ಅದನ್ನು ಕಂಡುಹಿಡಿಯಲು ನನಗೆ ಪೂರ್ತಿ ಒಂದು ಭಾನುವಾರ ಹಿಡಿದಿದೆ. ಶಾಕಿನ ತುದಿಯ ಬಾಲ್ ಜಾಯಿಂಟಿಗೆ ಹಾಕುವ ಗ್ರೀಸೂ ಅಷ್ಟೇ, ನನ್ನಲ್ಲೇ ಇರಲಿ. ಕಡ್ಡಿಗೆ ಮಾತ್ರ ಗ್ರೀಸ್, ಆಯಿಲ್ ಯಾವುದೂ ಬೇಡ, ಧೂಳು ಹಿಡಿಯುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇದೇ ಹುರುಪಿನಲ್ಲಿ ಬಾನೆಟ್ಟಿಗೂ ಶಾಕ್ ಹಾಕಿ ನೋಡಿದೆ. ಬೇರೆ ಗಾಡಿಯ 150ರ ಜೋಡಿ. ಹಿಂಜ್ ಹತ್ತಿರ ತಗಡು ಬಾಗುವ ಲಕ್ಷಣ ಕಂಡಿತು, ತೆಗೆದೆ. ಒಳಗೆ ಪಟ್ಟಿ ಕೊಟ್ಟು, ಇನ್ನೂ ಕಡಿಮೆ ಬಲದ್ದು ಹಾಕಬೇಕು ಅಂತಿದೆ.

ಹಳೇ ಶಾಕ್ ಗುಜರಿಗೆ ಕೊಡುವಾಗ ಅದೇನು ಅಂತ ಹೇಳಿಯೇ ಕೊಡಿ. ಒಳಗಿರುವುದು ನೈಟ್ರೋಜನ್, ಉರಿಯುವುದಿಲ್ಲ, ಆದರೆ ಒತ್ತಡ ಭಾರೀ. ಕಟರ್ ಇಟ್ಟರೆ, ಬೆಂಕಿಗೆ ಹಾಕಿದರೆ ಕಡ್ಡಿ ಗುಂಡಿನ ಹಾಗೆ ಹಾರುತ್ತದೆ.