ಹೊಟ್ಟೆಯ ಮಹಾಪಧಮನಿ ಉಬ್ಬಿದಾಗ ಏನು ಮಾಡಬೇಕು, ಸ್ಟೀರಾಯ್ಡ್ ಯಾವಾಗ ಬೇಕು

ಹೊಟ್ಟೆಯ ಸ್ಕ್ಯಾನ್ ವರದಿಯಲ್ಲಿ ‘ಅಯೋರ್ಟಿಕ್ ಅನ್ಯೂರಿಸಂ’ ಎಂದು ಬರೆದಿದ್ದರೆ ಮೊದಲು ಅಳತೆ ನೋಡಿ. ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿ (ಅಯೋರ್ಟಾ) ಹೊಟ್ಟೆಯಲ್ಲಿ ಸಾಮಾನ್ಯವಾಗಿ ಸುಮಾರು 2 ಸೆಂ.ಮೀ. ಅಗಲವಿರುತ್ತದೆ, 3 ಸೆಂ.ಮೀ. ಮುಟ್ಟಿದರೆ ಅದು ಅನ್ಯೂರಿಸಂ, ಅಂದರೆ ಉಬ್ಬು.

ನಾಳದ ಗೋಡೆಯನ್ನು ಸಡಿಲಗೊಳಿಸುವುದರಲ್ಲಿ ನಮ್ಮದೇ ಬಿಳಿ ರಕ್ತಕಣಗಳ ಪಾಲು ದೊಡ್ಡದು. ಮ್ಯಾಕ್ರೋಫೇಜ್, ನ್ಯೂಟ್ರೋಫಿಲ್, ಟಿ ಮತ್ತು ಬಿ ಕಣಗಳು ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಅಲ್ಲಿ ಎಂಎಂಪಿ-9ರಂಥ ಕಿಣ್ವಗಳು ಹೆಚ್ಚಿ, ನಾಳಕ್ಕೆ ಹಿಗ್ಗಿ ಕುಗ್ಗುವ ಗುಣ ಕೊಡುವ ಎಲಾಸ್ಟಿನ್ ಎಳೆಗಳನ್ನು ಕತ್ತರಿಸುತ್ತವೆ. ತುಂಡಾದ ಚೂರುಗಳು ಇನ್ನಷ್ಟು ಕಣಗಳನ್ನು ಕರೆತರುತ್ತವೆ, ಗೋಡೆಯ ಸ್ನಾಯುಕೋಶಗಳು ಸಾಯುತ್ತವೆ. ದೊಡ್ಡವರಲ್ಲಿ ಎಲಾಸ್ಟಿನ್ ಮತ್ತೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಸಿಗರೇಟು, ಬೀಡಿ ಈ ಉರಿಯೂತವನ್ನು ಕೆರಳಿಸಿ ಉಬ್ಬನ್ನು ಬೇಗ ಬೆಳೆಸುತ್ತವೆ, ಆದ್ದರಿಂದ ಬಿಡುವ ಕೆಲಸ ಇವತ್ತೇ ಆಗಲಿ.

ಹಾಗಾದರೆ ಉರಿಯೂತ ತಗ್ಗಿಸುವ ಮಾತ್ರೆ ಸಾಲದೇ? ಸಾಲದು. ಎಂಎಂಪಿಗೆ ತಡೆ ಹಾಕುವ ಡಾಕ್ಸಿಸೈಕ್ಲಿನ್ ಅನ್ನು ಅಮೆರಿಕದಲ್ಲಿ 100 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಸಲ, 2 ವರ್ಷ ಕೊಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಉಬ್ಬಿನ ಬೆಳವಣಿಗೆ ತಗ್ಗಿರಲಿಲ್ಲ. ಉರಿಯೂತ ಕೆರಳಿಸುವ ಮಾಸ್ಟ್ ಕಣಗಳನ್ನು ಹಿಡಿದಿಡುವ ಪೆಮಿರೋಲಾಸ್ಟ್ ಕೂಡ ಸೋತಿತು. ಮೆಟ್‌ಫಾರ್ಮಿನ್ ಮೇಲೆ ಆಸೆಯಿದೆ, ಆದರೆ ಸಕ್ಕರೆ ಕಾಯಿಲೆ ಇಲ್ಲದವರು ಇದಕ್ಕೆಂದೇ ಅದನ್ನು ಶುರುಮಾಡಬಾರದು.

ಸ್ಟೀರಾಯ್ಡ್ ಕೆಲಸಕ್ಕೆ ಬರುವ ಒಂದು ಬಗೆ ಇದೆ: ‘ಇನ್‌ಫ್ಲಮೇಟರಿ ಅನ್ಯೂರಿಸಂ’. ಉಬ್ಬು ಒಡೆಯದಿದ್ದರೂ ಹೊಟ್ಟೆ ಅಥವಾ ಬೆನ್ನು ನೋವು, ತೂಕ ಇಳಿಕೆ, ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ಹೆಚ್ಚಿರುವುದು ಇದರ ಗುರುತು. ಸಿ.ಟಿ.ಯಲ್ಲಿ ಗೋಡೆ ಮುಂದೆ ಮತ್ತು ಪಕ್ಕದಲ್ಲಿ ದಪ್ಪಗಿದ್ದು, ಹಿಂಬದಿ ಸಾಮಾನ್ಯವಾಗಿ ತೆಳ್ಳಗೇ ಉಳಿದಿರುತ್ತದೆ. ದಪ್ಪಗಾದ ಗೋಡೆಯ ಸುತ್ತ ಬೆಳೆಯುವ ನಾರು ಮೂತ್ರನಾಳವನ್ನು ಎಳೆದುಕೊಂಡು ಕಿಡ್ನಿಯನ್ನೂ ಕೆಡಿಸಬಹುದು, ಹಾಗಾಗಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಲೇಬೇಕು. ಕೆಲವರಲ್ಲಿ ಇದು ಐಜಿಜಿ4 ಎಂಬ ಪ್ರತಿಕಾಯಕ್ಕೆ ಸಂಬಂಧಿಸಿದ ಕಾಯಿಲೆ. ಐಜಿಜಿ4 ರಕ್ತಪರೀಕ್ಷೆಯನ್ನು ಸ್ಟೀರಾಯ್ಡ್ ಶುರುವಾಗುವ ಮೊದಲೇ ಮಾಡಿಸಿ, ಆಮೇಲೆ ಮಟ್ಟ ಇಳಿದುಬಿಡುತ್ತದೆ. ಸ್ಟೀರಾಯ್ಡ್ ನೋವನ್ನೂ ಗೋಡೆಯ ದಪ್ಪವನ್ನೂ ಇಳಿಸುತ್ತದೆ. ಉಬ್ಬು ಮಾತ್ರ ಹೋಗುವುದಿಲ್ಲ, ಸ್ಕ್ಯಾನ್ ಮುಂದುವರಿಯಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು, ಸೋಂಕಿನಿಂದಾದ ಉಬ್ಬನ್ನು ಉರಿಯೂತವೆಂದು ತಿಳಿದು ಸ್ಟೀರಾಯ್ಡ್ ಕೊಡುವುದು. ಜ್ವರವಿದ್ದು, ಉಬ್ಬು ಒಂದೇ ಪಕ್ಕಕ್ಕೆ ಚೀಲದಂತಿದ್ದು, ದಿನಗಳಲ್ಲೇ ಬೆಳೆಯುತ್ತಿದ್ದರೆ ಸಾಲ್ಮೊನೆಲ್ಲಾ, ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾಗಳ ಮೇಲೆ ಅನುಮಾನವಿರಲಿ. ಆಂಟಿಬಯೋಟಿಕ್‌ನ ಮೊದಲ ಡೋಸಿಗೂ ಮುಂಚೆ ಕನಿಷ್ಠ ಎರಡು ಕಡೆಯಿಂದ ರಕ್ತ ತೆಗೆದು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಬೇಕು. ಇನ್ನು, 40 ದಾಟದ ಹೆಣ್ಣುಮಗಳಲ್ಲಿ ಎರಡು ಕೈಗಳ ಬಿ.ಪಿ. ಬೇರೆಬೇರೆ ಬಂದರೆ ದೊಡ್ಡ ರಕ್ತನಾಳಗಳ ಉರಿಯೂತವಾದ ತಕಾಯಾಸು ಕಾಯಿಲೆಯನ್ನು ನೆನೆಯಿರಿ. ನಮ್ಮ ದೇಶದಲ್ಲಿ ಅದು ಮರೆಯುವಂಥದ್ದಲ್ಲ.

ಉಳಿದವರಿಗೆಲ್ಲ ಅಲ್ಟ್ರಾಸೌಂಡ್ ಕಾವಲೇ ದಾರಿ. ಅಮೆರಿಕದ ನಾಳ ಶಸ್ತ್ರಚಿಕಿತ್ಸಕರ ಲೆಕ್ಕದಲ್ಲಿ 3.0–3.9 ಸೆಂ.ಮೀ.ಗೆ 3 ವರ್ಷಕ್ಕೊಮ್ಮೆ, 4.0–4.9ಕ್ಕೆ ವರ್ಷಕ್ಕೊಮ್ಮೆ, 5.0–5.4ಕ್ಕೆ 6 ತಿಂಗಳಿಗೊಮ್ಮೆ. ಗಂಡಸರಿಗೆ 5.5, ಹೆಂಗಸರಿಗೆ 5.0 ಸೆಂ.ಮೀ. ಆದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ನಾಳ ಕಾಣುವುದಿಲ್ಲ, ಸ್ಕ್ಯಾನಿಗೆ ಮುಂಚೆ 6 ಗಂಟೆ ಏನೂ ತಿನ್ನಬೇಡಿ. ಒಂದು ಸಲ ಗೋಡೆಯ ಒಳಗಿನಿಂದ, ಮತ್ತೊಂದು ಸಲ ಹೊರಗಿನಿಂದ ಅಳೆದರೆ 3–4 ಮಿ.ಮೀ. ವ್ಯತ್ಯಾಸ ಬರಬಹುದು. ಅದನ್ನು ಬೆಳವಣಿಗೆಯೆಂದು ತಿಳಿದು ಗಾಬರಿಯಾಗುವವರಿದ್ದಾರೆ. ಸಾಧ್ಯವಾದರೆ ಅದೇ ಕೇಂದ್ರ, ಅದೇ ವಿಧಾನ ಇರಲಿ. ಹಳೆಯ ವರದಿ ಕೈಯಲ್ಲಿರಲಿ.

ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್ ಬರೆದರೆ ಉಬ್ಬಿರುವ ವಿಷಯ ಹೇಳಿ ಬೇರೆ ಔಷಧ ಕೇಳಿ. ಈ ಗುಂಪಿನ ಔಷಧಗಳಿಂದ ಮಹಾಪಧಮನಿಗೆ ಅಪಾಯವಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಹಠಾತ್ತನೆ ಹೊಟ್ಟೆ, ಬೆನ್ನಿನಲ್ಲಿ ತೀವ್ರ ನೋವು, ಬೆವರು, ತಲೆಸುತ್ತು ಬಂದರೆ ಅಳತೆ ಎಷ್ಟೇ ಇರಲಿ, 108ಕ್ಕೆ ಕರೆಮಾಡಿ.

ತೊಡೆಯ ರಕ್ತನಾಳದ ಮೂಲಕ ಉಬ್ಬಿನೊಳಗೆ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಜಾಲರಿ ಕೊಳವೆ) ಕೂರಿಸಿದ ಮೊದಲ ಕೆಲವು ದಿನ ಕೆಲವರಿಗೆ ಜ್ವರ ಬರುತ್ತದೆ, ಬಿಳಿ ಕಣ ಮತ್ತು ಸಿಆರ್‌ಪಿ ಏರುತ್ತವೆ. ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಅದು ಬಹುಮಟ್ಟಿಗೆ ಗ್ರಾಫ್ಟ್‌ಗೆ ದೇಹ ತೋರುವ ಪ್ರತಿಕ್ರಿಯೆ, ತಾನಾಗಿ ಇಳಿಯುತ್ತದೆ. ವಾರಗಳು ಕಳೆದ ಮೇಲೆ ಜ್ವರ ಬಂದರೆ ಮಾತ್ರ ಹಾಗೆ ಬಿಡುವಂತಿಲ್ಲ: ಗ್ರಾಫ್ಟ್‌ಗೇ ಸೋಂಕು ತಗುಲಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.